ಒಂದೇ ಕಪ್ಪಿನ ಯಂತ್ರ

ಮನೆಗೊಂದು ಕಾಫಿ ಯಂತ್ರ ಕೊಳ್ಳಲು ಬಂದವನಿಗೆ ಹೀಗೆ ಹೆದರಬೇಕಾದ ಕಾರಣವೇನೂ ಇರಲಿಲ್ಲ. ಅಂಗಡಿಯ ಗಾಜಿನ ಬಾಗಿಲು ತಾನಾಗಿ ಸರಿದುಕೊಂಡಿತು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಬಟ್ಟೆ ಒಗೆಯುವ ಯಂತ್ರಗಳು ದುಂಡು ಬಾಯಿ ತೆರೆದು ನಿಂತ ಸಾಲನ್ನು ದಾಟಿ ನಡೆಯುತ್ತ, ಯಾರಾದರೂ ತನ್ನನ್ನು ಗುರುತು ಹಿಡಿದಾರೋ ಎಂದು ಅವನು ಎಡಕ್ಕೂ ಬಲಕ್ಕೂ ಕಳ್ಳನಂತೆ ಕಣ್ಣು ಹಾಯಿಸಿದ. ಹಾಗೆ ನೋಡಿದರೆ ಊರಿನಲ್ಲಿ ಅವನ ಮುಖ ಗೊತ್ತಿರುವವರು ಬಹಳ ಮಂದಿ ಇಲ್ಲ. ಗೊತ್ತಿರುವುದು ಮೂಗು. ಕಾಫಿ ಬೀಜ ಕೊಂಡು, ಹುರಿದು, ಪುಡಿ ಮಾಡಿ ಮಾರುವ ಕಂಪನಿಯಲ್ಲಿ ರುಚಿ ನೋಡುವವರಿಗೆಲ್ಲ ಅವನೇ ಹಿರಿಯ. ಅವನು ಬಗ್ಗಿ ಒಂದು ಸಲ ಉಸಿರು ಎಳೆದುಕೊಂಡು ಬೇಡವೆಂದರೆ ಒಂದು ಲಾರಿ ಲೋಡು ಬೀಜ ಬಂದ ದಾರಿಗೆ ಹಿಂದಿರುಗುತ್ತದೆ. ಬೆನ್ನ ಹಿಂದೆ ಅವನನ್ನು 'ದೊಡ್ಡ ಮೂಗು' ಎನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದು ಒಳಗೊಳಗೇ ಹಿಗ್ಗುತ್ತಲೂ ಇದ್ದ. ಆ ಮೂಗು ಸತ್ತುಹೋಗಿದೆ. ಇದು ಸದ್ಯಕ್ಕೆ ಅವನೊಬ್ಬನಿಗೆ ಮಾತ್ರ ಗೊತ್ತು, ಮತ್ತೊಬ್ಬರಿಗೆ ಗೊತ್ತಾದ ದಿನ ತಾನು ಏನೂ ಅಲ್ಲ ಎಂಬುದೂ ಗೊತ್ತು.

ಜ್ವರವೇನೋ ಎಲ್ಲರಿಗೂ ಬರುವ ಹಾಗೆಯೇ ಬಂದಿತ್ತು, ಎಲ್ಲರಿಗೂ ಬಿಡುವ ಹಾಗೆ ಬಿಟ್ಟಿತ್ತು. ಬಿಟ್ಟ ಮೇಲೆ ಒಂದು ಬೆಳಗ್ಗೆ ಸ್ನಾನದ ಮನೆಯಲ್ಲಿ ಸೋಪನ್ನು ಮುಖಕ್ಕೆ ಉಜ್ಜಿಕೊಂಡರೆ ಅದು ಸೋಪೇ ಅಲ್ಲ, ಸುಮ್ಮನೆ ಕೈಯಿಂದ ಜಾರುವ ಯಾವುದೋ ಒಂದು ಗಟ್ಟಿ ವಸ್ತು. ಶೀತ ಇರಬೇಕು ಎಂದುಕೊಂಡ. ಶೀತ ಹೋಯಿತು, ಸೋಪು ಮಾತ್ರ ಸೋಪಾಗಲಿಲ್ಲ. ನಾಲಗೆ ಉಳಿದಿತ್ತು ನಿಜ. ಆದರೆ ಕಹಿ, ಹುಳಿ, ಸಿಹಿ, ಉಪ್ಪು ಎಂದು ಅದು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಕಲಿತದ್ದನ್ನಷ್ಟೇ ಹೇಳುತ್ತಿತ್ತು. ಉಳಿದದ್ದೆಲ್ಲ, ಅಂದರೆ ಕಾಫಿಯನ್ನು ಕಾಫಿ ಮಾಡುವುದು ಏನಿದೆಯೋ ಅದೆಲ್ಲ, ಯಾರೋ ಬಾಗಿಲು ಹಾಕಿಕೊಂಡು ಹೋದಂತೆ ಆಚೆ ಕಡೆ ಉಳಿದುಬಿಟ್ಟಿತು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಕಾಯಿಲೆಗೊಂದು ಹೆಸರು ಬರುತ್ತದೆ, ಹೆಸರು ಬಂದದ್ದು ಬಾಯಿಂದ ಬಾಯಿಗೆ ಹೋಗುತ್ತದೆ, ಕೊನೆಗೆ ಕಂಪನಿಗೂ ಹೋಗುತ್ತದೆ. ಇವತ್ತಲ್ಲ ನಾಳೆ ಸರಿಹೋದೀತು ಎಂದು ದಿನ ದೂಡಿದ. ಹೀಗೆ ದೂಡುತ್ತಿರುವಾಗಲೇ ಹಾಲು ಸೀದುಹೋದ ಪ್ರಸಂಗ ನಡೆಯಿತು.

ಹೆಂಡತಿ ಶಾಲೆಯ ಬಸ್ಸು ಓಡಿಸುವವಳು. ಬೆಳಗ್ಗೆ ಊರೆಲ್ಲ ಸುತ್ತಿ ಮಕ್ಕಳನ್ನು ತುಂಬಿಕೊಂಡು ಹೋಗಬೇಕು, ಹಾಗಾಗಿ ಮನೆಯಲ್ಲಿ ಅವಳದು ಯಾವಾಗಲೂ ಓಡಾಟದ ಬೆಳಗು. ಆ ದಿನ ಹಾಲನ್ನು ಒಲೆಯ ಮೇಲಿಟ್ಟು, ನೋಡಿಕೊಳ್ಳಿ ಎಂದು ಹೇಳಿ ಸ್ನಾನಕ್ಕೆ ಹೋಗಿದ್ದಳು. ಅವನು ಒಲೆಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಪೇಪರು ಹಿಡಿದು ಕೂತಿದ್ದ. ಸ್ನಾನದ ಮನೆಯ ಮುಚ್ಚಿದ ಬಾಗಿಲಿನ ಒಳಗಿಂದ ಅವಳು ಕೂಗಿದಳು: "ರೀ, ಹಾಲು ಸೀದು ಹೋಗ್ತಿದೆ! ಮೂಗಿಲ್ವಾ ನಿಮಗೆ?" ಅವನು ಪೇಪರು ಇಳಿಸಿದರೆ ಅಡುಗೆಮನೆಯ ತುಂಬ ನೀಲಿ ಹೊಗೆ, ಪಾತ್ರೆಯ ತಳ ಕಪ್ಪು. ಅವಳು ಅಂದದ್ದು ತಮಾಷೆಗೆ. ಇವನಿಗೆ ಮಾತ್ರ ಅದು ತಮಾಷೆಯಾಗಲಿಲ್ಲ. ಒಲೆ ಆರಿಸಿ, ಕಿಟಕಿ ತೆಗೆದು, ಅವಳು ತಲೆಗೆ ಟವೆಲು ಸುತ್ತಿಕೊಂಡು ಬಂದಾಗ, "ಎಷ್ಟು ಸೀದ ಮೇಲೆ ನಿನಗೆ ಗೊತ್ತಾಗುತ್ತೆ ಅಂತ ನೋಡ್ತಿದ್ದೆ," ಎಂದ. ಅವಳು ಅವಮಾನವಾದವಳಂತೆ ಪಾತ್ರೆಯನ್ನು ತೊಟ್ಟಿಗೆ ಹಾಕಿ ಉಜ್ಜತೊಡಗಿದಳು. ಉಜ್ಜುವ ಸದ್ದು ಕೇಳುತ್ತ ಅವನಿಗೆ ಹೊಳೆದದ್ದು ಹಾಲಿನ ಮಾತಲ್ಲ. ಗ್ಯಾಸು ಸೋರಿದರೂ ನಾನು ಹೀಗೇ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿರುತ್ತೇನೆ ಎಂದು. ಅಂದಿನಿಂದ ಅವಳು ಮನೆಯಲ್ಲಿಲ್ಲದಾಗ ಒಲೆಯ ನಾಬನ್ನು ಮತ್ತೆ ಮತ್ತೆ ತಿರುಗಿಸಿ ನೋಡುವುದು ರೂಢಿಯಾಯಿತು. ಆರಿದೆ ಎಂದು ಕಣ್ಣು ಹೇಳುತ್ತದೆ. ಎರಡು ಹೆಜ್ಜೆ ಇಟ್ಟರೆ ಕಣ್ಣಿನ ಮಾತನ್ನು ನಂಬಲು ಧೈರ್ಯ ಸಾಲದು, ತಿರುಗಿ ಬರುತ್ತಾನೆ.

"ಹೇಳಿ ಸರ್, ಏನು ನೋಡ್ತೀರಿ?" ಅಂಗಡಿಯ ಸೇಲ್ಸಿನವನು ಎಲ್ಲಿಂದಲೋ ಪ್ರತ್ಯಕ್ಷನಾಗಿದ್ದ. ಕತ್ತಿನಲ್ಲಿ ಪಟ್ಟಿ, ಪಟ್ಟಿಯ ತುದಿಯಲ್ಲಿ ನಗುವ ಫೋಟೊ, ಫೋಟೊದಷ್ಟೇ ನಗುವ ಮುಖ.

"ಕಾಫಿ ಮೆಷಿನ್. ಒಂದು ಕಪ್ ಮಾಡೋ ಅಂಥದ್ದು."

"ಮನೇಲಿ ಎಷ್ಟು ಜನ ಸರ್?"

"ಇಬ್ಬರು."

"ಹಾಗಾದ್ರೆ ಒಂದು ಕಪ್ಪಿಂದು ಯಾಕೆ? ಇಲ್ನೋಡಿ, ಇದರಲ್ಲಿ ಒಟ್ಟಿಗೆ ಎರಡು ಕಪ್ಪಿಗೆ ಬೀಳುತ್ತೆ. ನೀವೊಂದು ಮೇಡಮ್ ಒಂದು, ಒಟ್ಟಿಗೆ ಕೂತು ಕುಡೀಬಹುದು."

"ಬೇಡ. ಒಂದೇ ಸಾಕು."

"ಅರ್ಥ ಆಯ್ತು ಬಿಡಿ ಸರ್," ಎಂದು ಅವನು ದನಿ ತಗ್ಗಿಸಿದ, ಗಂಡಹೆಂಡಿರ ಜಗಳವನ್ನು ತಾನೇ ಬಗೆಹರಿಸಬೇಕಾಗಿ ಬಂದವನ ಹಾಗೆ. ಅರ್ಥವಾದದ್ದು ಏನೂ ಇರಲಿಲ್ಲ, ಆದರೂ ಇವನ ಕಿವಿ ಬಿಸಿಯಾಯಿತು. ಒಂದೇ ಕಪ್ಪು ಏಕೆಂದರೆ ಒಂದು ಕಪ್ಪನ್ನು ಮಾಡಿಕೊಂಡವನೇ ಕುಡಿಯುತ್ತಾನೆ. ಮಾಡಿದವರು ಎದುರಿಗೆ ನಿಂತು ಹೇಗಿದೆ ಎಂದು ಕೇಳುವುದಿಲ್ಲ. ಅವನಿಗೆ ಬೇಕಾಗಿದ್ದ ಯಂತ್ರ ಇದು, ಇಷ್ಟೇ. ಆದರೆ ಇದನ್ನು ಸೇಲ್ಸಿನವನಿಗೆ ಹೇಳಲು ಬರುತ್ತದೆಯೇ?

ಮದುವೆಯಾದ ಮರುದಿನ ಬೆಳಗ್ಗೆ ಅವಳು ಮೊದಲ ಕಾಫಿ ತಂದು ಕೊಟ್ಟಾಗ ಅವನು ಕಪ್ಪನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಪುಡಿ ಎಷ್ಟು ದಿನದ್ದು?" ಎಂದಿದ್ದ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಕಾಲ. ತನಗೆ ಎಷ್ಟು ಗೊತ್ತು ಎಂಬುದನ್ನು ಹೊಸ ಹೆಂಡತಿಯೂ ತಿಳಿಯಲಿ ಎಂಬ ಆಸೆ, ಅದಕ್ಕಿಂತ ಹೆಚ್ಚಿನ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅವಳು ಆಮೇಲೆ ದಿನಾ ಕಪ್ಪು ಕೊಟ್ಟು ಅಲ್ಲೇ ನಿಂತುಕೊಳ್ಳಲು ಶುರುಮಾಡಿದಳು. "ಹೇಗಿದೆ?" ನೀರು ಹೆಚ್ಚು. ಹಾಲು ಕಾದದ್ದು ಹೆಚ್ಚಾಯಿತು. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಲ್ಲ, ಪಕ್ಕದಲ್ಲಿದ್ದ ಮೆಣಸಿನ ವಾಸನೆ ಹತ್ತಿದೆ. ಒಂದು ಬಸ್ಸಿನ ತುಂಬ ಕಿರುಚುವ ಮಕ್ಕಳನ್ನು ಕನ್ನಡಿಯಲ್ಲೇ ಒಂದು ನೋಟ ನೋಡಿ ಕೂರಿಸುವವಳು, ಅಡ್ಡ ಬಂದ ಲಾರಿಯವನಿಗೆ ಕಿಟಕಿಯಿಂದ ತಲೆ ಹೊರಹಾಕಿ ನೀರಿಳಿಸುವವಳು, ಒಂದು ಕಪ್ಪಿನ ಮುಂದೆ ಪರೀಕ್ಷೆಯ ಹುಡುಗಿಯ ಹಾಗೆ ಸೆರಗಿನ ತುದಿ ತಿರುವುತ್ತ ನಿಲ್ಲುತ್ತಿದ್ದಳು. ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಬಿದ್ದಿತ್ತು, ಹಿತವಾಗಿಯೂ ಇತ್ತು. ಈಗ ಮೂಗು ಹೋದ ಮೇಲೂ ಅವಳು ನಿಲ್ಲುತ್ತಾಳೆ, ಕೇಳುತ್ತಾಳೆ, ಅವನು ಹೇಳಲೇಬೇಕು. ಹೇಳದಿದ್ದರೆ ಸಂಶಯ ಬರುತ್ತದೆ. ಹಾಗಾಗಿ ಇಲ್ಲದ ತಪ್ಪನ್ನು ಹುಟ್ಟಿಸಿ ಹೇಳುವುದು. ನಿನ್ನೆ ನೀರು ಎಂದಾಯಿತು, ಇವತ್ತು ಹಾಲು ಎನ್ನೋಣ. ಮುಂಚೆ ಹೇಳುತ್ತಿದ್ದದ್ದು ನಿಷ್ಠುರವೇ ಇರಲಿ, ನಿಜವಾದರೂ ಆಗಿತ್ತು; ಈಗ ನಿಜವೂ ಅಲ್ಲ. ಪ್ರತಿ ಬೆಳಗ್ಗೆ ಏಳುವಾಗಲೇ ಆ "ಹೇಗಿದೆ" ಅವನಿಗಿಂತ ಮುಂಚೆ ಎದ್ದು ಕೂತಿರುತ್ತಿತ್ತು.

ಮೂರು ಯಂತ್ರಗಳನ್ನು ಸೇಲ್ಸಿನವನು ಎದುರಿಗೆ ಎಳೆದಿಟ್ಟ. ಒಂದು ಕೆಂಪು, ಗಿಡ್ಡ, ಬೆನ್ನಿಗೆ ನೀರಿನ ಡಬ್ಬಿ ಹೊತ್ತದ್ದು. ಇನ್ನೊಂದು ಕಪ್ಪಗೆ ಎತ್ತರಕ್ಕಿದ್ದು ಪಕ್ಕದಲ್ಲಿ ಹಾಲು ನೊರೆಯೆಬ್ಬಿಸುವ ಚೆಂಬು ಇಟ್ಟುಕೊಂಡಿತ್ತು. ಮೂರನೆಯದಕ್ಕೆ ನಮ್ಮದೇ ಪುಡಿಯನ್ನು ಸಣ್ಣ ಜಾಲರಿಯಲ್ಲಿ ತುಂಬಬಹುದು. "ಇದು ಬೇಡ," ಎಂದು ಅವನು ಮೂರನೆಯದನ್ನು ಕೂಡಲೇ ದೂಡಿದ. ಪುಡಿ ತುಂಬುವುದೆಂದರೆ ಯಾರೋ ತುಂಬಬೇಕು, ಅಳತೆ ಬರುತ್ತದೆ, ಹಳೆಯದು ಹೊಸದು ಬರುತ್ತದೆ, ಹೇಗಿದೆ ಬರುತ್ತದೆ.

"ಹಾಗಾದ್ರೆ ಕ್ಯಾಪ್ಸೂಲಿಂದೇ ಸರ್ ನಿಮಗೆ ಸರಿ. ಇದನ್ನ ಹೀಗೆ ಹಾಕೋದು, ಮುಚ್ಚೋದು, ಬಟನ್ ಒತ್ತೋದು. ಸೀಯೋದಿಲ್ಲ, ಉಕ್ಕೋದಿಲ್ಲ, ತಾನೇ ಆಫ್ ಆಗುತ್ತೆ. ಇವತ್ತು ಕುಡೀರಿ, ಮುಂದಿನ ವರ್ಷ ಕುಡೀರಿ, ಒಂದೇ ರುಚಿ. ಹೆಚ್ಚಿಲ್ಲ ಕಮ್ಮಿ ಇಲ್ಲ."

ಹೆಚ್ಚಿಲ್ಲ ಕಮ್ಮಿ ಇಲ್ಲ. ಆ ಮಾತು ಕೇಳಿ ಅವನಿಗೆ ಎಂಥ ಆಸೆ ಹುಟ್ಟಿತೆಂದರೆ, ಕೆಂಪು ಯಂತ್ರವನ್ನು ಕೈಯಿಂದ ಮುಟ್ಟಿ ನೋಡಿದ. ಇದೇ ಮಾತನ್ನು ಜ್ವರಕ್ಕೆ ಮೊದಲು ಯಾರಾದರೂ ಆಡಿದ್ದರೆ ಅವನು ಮೂಗು ಮುರಿದು, ಡಬ್ಬಿಯಲ್ಲಿ ತುಂಬಿದ ಹೆಣ ಎಂದಿರುತ್ತಿದ್ದ. ಒಂದು ಸಭೆಯಲ್ಲಿ ಅಂದೂ ಇದ್ದ, ಜನ ಚಪ್ಪಾಳೆ ತಟ್ಟಿದ್ದರು. ಸೀಯುವುದಿಲ್ಲ, ಉಕ್ಕುವುದಿಲ್ಲ, ತಾನೇ ಆರುತ್ತದೆ. ಹೇಳಲು ಏನೂ ಇರುವುದಿಲ್ಲ. ಇವತ್ತಿನ ಬೆಳಗಿನಂಥ ಬೆಳಗು ಮನೆಯಲ್ಲಾದರೂ ಇರುವುದಿಲ್ಲ.

ಇವತ್ತು ಬೆಳಗ್ಗೆ ರುಚಿ ನೋಡುವ ಕೋಣೆಯಲ್ಲಿ ದುಂಡು ಮೇಜಿನ ಸುತ್ತ ಕಪ್ಪುಗಳನ್ನು ಜೋಡಿಸಿ ಎಲ್ಲರೂ ಎಂದಿನಂತೆ ಚಮಚ ಹಿಡಿದು ನಿಂತಿದ್ದರು. ಸೊರ್ರೆಂದು ಎಳೆದುಕೊಳ್ಳುವುದು, ಬಾಯೊಳಗೆ ಆಡಿಸುವುದು, ಉಗುಳುವ ಡಬ್ಬಿಗೆ ಉಗುಳುವುದು, ಮುಂದಿನ ಕಪ್ಪಿಗೆ ಸರಿಯುವುದು. ಹೊರಗಿನವರು ನೋಡಿದರೆ ನಗಬೇಕು. ಒಂದು ಸುತ್ತು ಮುಗಿದ ಮೇಲೆ ಕಿರಿಯರು ಮೊದಲು, ಹಿರಿಯರು ಕೊನೆಗೆ ಅಭಿಪ್ರಾಯ ಹೇಳಬೇಕು. ಹಿರಿಯನ ಮಾತು ಕೇಳಿ ಕಿರಿಯರು ತಮ್ಮ ನಾಲಗೆ ಬದಲಿಸಿಕೊಳ್ಳಬಾರದು. ಈ ನಿಯಮವನ್ನು ಮಾಡಿದವನು ಅವನೇ. ಜ್ವರ ಬಂದ ಮೇಲೆ ಅವನನ್ನು ಕಾಪಾಡುತ್ತಿದ್ದದ್ದೂ ಅದೇ. ಎಲ್ಲರೂ ಹೇಳಿದ್ದನ್ನು ಕೇಳಿಸಿಕೊಂಡು, ಅದರ ನಡುವಿನದೊಂದು ಮಾತು ಹಿಡಿದು, ಸ್ವಲ್ಪ ಗಂಭೀರವಾಗಿ ತಲೆಯಾಡಿಸಿ ಹೇಳಿದರೆ ಆಯಿತು. ಇವತ್ತು ಹಿರಿತನದಲ್ಲಿ ಅವನ ನಂತರದ ಎರಡನೇ ಕುರ್ಚಿಯವಳು ಬಾಯಿಯೊರೆಸಿಕೊಂಡು ಸುಮ್ಮನೆ ನಿಂತಳು. ಬೀಜದ ಹುಳುಕು ಯಾವುದು, ಹುರಿದದ್ದರ ತಪ್ಪು ಯಾವುದು ಎಂದು ಕೈಹಿಡಿದು ಅವನೇ ಕಲಿಸಿದವಳು. "ಇವತ್ತು ನೀವೇ ಮೊದಲು ಹೇಳಿ ಸರ್," ಎಂದಳು. "ಯಾವಾಗ್ಲೂ ನಾವೇ ಮೊದಲು ಹೇಳಿ ಹೇಳಿ, ನಮ್ಮ ತಪ್ಪು ಎಲ್ಲಿದೆ ಅಂತ ನಮಗೆ ಗೊತ್ತೇ ಆಗ್ತಿಲ್ಲ."

ಎಲ್ಲರೂ ಅವನನ್ನೇ ನೋಡಿದರು. ನಾಲಗೆಯ ಮೇಲೆ ಒಂದಿಷ್ಟು ಹುಳಿ ಇತ್ತು, ಒಂದಿಷ್ಟು ಕಹಿ, ಮತ್ತೇನೂ ಇರಲಿಲ್ಲ. ಚೆನ್ನಾಗಿದೆ ಎಂದು ತಪ್ಪಾದರೆ ಕುರುಡ ಎನ್ನುತ್ತಾರೆ, ಚೆನ್ನಾಗಿಲ್ಲವೆಂದು ತಪ್ಪಾದರೆ ಸೂಕ್ಷ್ಮ ಎನ್ನುತ್ತಾರೆ ಎಂದು ಇಷ್ಟು ವರ್ಷದ ಅನುಭವ ಅವನ ಕಿವಿಯಲ್ಲಿ ಹೇಳಿತು. "ಗೋಣಿ ವಾಸನೆ," ಎಂದ. "ಒದ್ದೆ ಗೋಣಿಚೀಲದ್ದು. ಬೇಡ." ಎರಡನೇ ಕುರ್ಚಿಯವಳು ಚಮಚವನ್ನು ಅದೇ ಕಪ್ಪಿಗೆ ಮತ್ತೊಮ್ಮೆ ಅದ್ದಿ, ಎಳೆದುಕೊಂಡು, ಉಗುಳದೆ ನುಂಗಿದಳು. ಆಮೇಲೆ ಅವನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ, "ಸರಿ ಸರ್," ಎಂದಳು. ಆ ಲೋಡು ಹಿಂದಕ್ಕೆ ಹೋಯಿತು. ಯಾರದೋ ಒಂದು ವರ್ಷದ ದುಡಿಮೆ, ಅವನ ಒಂದು ಉಸಿರಿನ ಸುಳ್ಳಿಗೆ. ಊಟದ ಹೊತ್ತಿಗೆ ಅವನ ಮನಸ್ಸು ಆ ಪಾಪವನ್ನೂ ಬಿಟ್ಟು ಇನ್ನೊಂದನ್ನು ಹಿಡಿದುಕೊಂಡಿತ್ತು: ನಿನ್ನೆ ಎಲ್ಲರೂ ಒಪ್ಪಿದ ಕಾಫಿಯನ್ನೇ ಅವಳು ಇವತ್ತು ಬೇಕೆಂದೇ ಮತ್ತೆ ಇಟ್ಟಿದ್ದಳೇ? ಕೇಳಲು ಬಾಯಿಲ್ಲ. ಕೇಳಿದರೆ ಕೇಳಿದ್ದೇ ಉತ್ತರವಾಗುತ್ತದೆ.

"ರುಚಿ ನೋಡ್ತೀರಾ ಸರ್? ನಾವು ಹೇಳೋದು ಬೇರೆ, ನಿಮ್ಮ ನಾಲಗೆ ಹೇಳೋದು ಬೇರೆ," ಎಂದು ಸೇಲ್ಸಿನವನು ಆಗಲೇ ಕೆಂಪು ಯಂತ್ರದ ಬಾಯಿಗೊಂದು ಕ್ಯಾಪ್ಸೂಲು ಹಾಕಿ ಬಟನ್ ಒತ್ತಿಬಿಟ್ಟಿದ್ದ. ಯಂತ್ರ ಗುರ್ರೆಂದಿತು, ನಡುಗಿತು, ಕಾಗದದ ಕಪ್ಪಿಗೆ ಕಂದು ದಾರದಂತೆ ಕಾಫಿ ಇಳಿಯಿತು. ಬೇಡ ಎನ್ನಬಹುದಾಗಿತ್ತು. ಆದರೆ ಬೇಡವೆಂದರೆ ಈ ಹುಡುಗು ಬುದ್ಧಿಯ ಸೇಲ್ಸಿನವನಿಗೂ ಅನುಮಾನ ಬಂದೀತೆಂಬ ಮಟ್ಟಕ್ಕೆ ಅವನ ಹೆದರಿಕೆ ಇಳಿದಿತ್ತು. ಕಪ್ಪು ಎತ್ತಿದ. ಕೈ ತಾನಾಗಿ ಅದನ್ನು ಮೂಗಿನ ಕೆಳಗೆ ಹಿಡಿಯಿತು, ಕಣ್ಣು ತಾನಾಗಿ ಮುಚ್ಚಿತು, ಎದೆ ತುಂಬ ಉಸಿರು ಎಳೆದುಕೊಂಡ. ಬೆಚ್ಚಗಿನ ಶೂನ್ಯ. ಒಂದು ಗುಟುಕು ಕುಡಿದು, ರುಚಿ ನೋಡುವ ಕೋಣೆಯ ಗಂಭೀರ ದನಿಯಲ್ಲಿ, "ಬರೀ ಕಾಫಿ. ಬೇರೆ ಏನೂ ಬೆರೆಸಿಲ್ಲ. ಹುರಿದದ್ದೂ ಹದವಾಗಿದೆ," ಎಂದ.

ಸೇಲ್ಸಿನವನ ನಗು ಅರ್ಧಕ್ಕೆ ನಿಂತಿತು. ಪಕ್ಕದ ಸಾಲಿನಲ್ಲಿ ಮಿಕ್ಸಿ ನೋಡುತ್ತಿದ್ದ ಹೆಂಗಸೊಬ್ಬಳ ಸೊಂಟದ ಮೇಲಿದ್ದ ಮಗು ಇದ್ದಕ್ಕಿದ್ದಂತೆ, "ಅಮ್ಮಾ, ಐಸ್‌ಕ್ರೀಮ್! ಐಸ್‌ಕ್ರೀಮ್ ವಾಸನೆ!" ಎಂದು ಕುಣಿಯತೊಡಗಿತು.

"ಇದು ವೆನಿಲಾದ್ದು ಸರ್," ಎಂದ ಸೇಲ್ಸಿನವನು, ತಪ್ಪು ತನ್ನದೇ ಎನ್ನುವಷ್ಟು ಮೆಲ್ಲಗೆ. "ಇಡೀ ಅಂಗಡಿಗೇ ಘಮ್ಮಂತಿದೆಯಲ್ಲ."

"ಶೀತ," ಎಂದ ಅವನು. "ನನಗೆ ಸ್ವಲ್ಪ ಶೀತ." ಹೇಳಿ ಕೆಮ್ಮಿದ. ಕೆಮ್ಮಿಗೂ ಶೀತಕ್ಕೂ ಸಂಬಂಧವಿಲ್ಲ ಎಂದು ಹೊಳೆದು ಕರ್ಚೀಫು ತೆಗೆದು ಮೂಗು ಒರೆಸಿಕೊಂಡ, ಒಣಗಿದ ಮೂಗು. ಮಗುವಿನ ತಾಯಿ ಇತ್ತ ನೋಡಿ ನಕ್ಕಳು, ಸುಮ್ಮನೆ, ಯಾರಾದರೂ ನಗುವ ಹಾಗೆ. ಈ ಹೆಂಗಸು ಕಂಪನಿಯವರಲ್ಲಿ ಯಾರ ಹೆಂಡತಿಯೋ, ಯಾರ ಅಕ್ಕನೋ, ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ ನಗಿಸುತ್ತಾಳೋ ಏನೋ. "ಇದೇ ಕೊಡಿ. ಈ ಕೆಂಪನೆಯದು," ಎಂದ. ನೀರಿನ ಡಬ್ಬಿ ಎಷ್ಟು ಹಿಡಿಯುತ್ತದೆ, ತೊಳೆಯುವುದು ಹೇಗೆ, ಕ್ಯಾಪ್ಸೂಲು ಎಲ್ಲಿ ಸಿಗುತ್ತದೆ, ಯಾವುದನ್ನೂ ಕೇಳಲಿಲ್ಲ. ಕಪ್ಪಗಿನದು ಇದಕ್ಕಿಂತ ಗಟ್ಟಿ ಎಂದು ಸೇಲ್ಸಿನವನು ಪ್ರಾಮಾಣಿಕವಾಗಿ ಹೇಳಲು ಬಂದ. ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು? ಅಲ್ಲಿಂದ ಓಡಿದರೆ ಸಾಕಾಗಿತ್ತು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಹೆದರಿಕೆ ಸ್ವಲ್ಪ ಇಳಿಯಿತು, ಇಳಿದ ಜಾಗಕ್ಕೆ ಬೇರೊಂದು ಹೆದರಿಕೆ ಬಂದು ಕೂತಿತು. ಕೆಲಸ ಮುಗಿಸಿ ಬರುವವರ ಬಸ್ಸು. ಬೆವರು, ಡೀಸೆಲ್ಲು, ಯಾರದೋ ತಲೆಯೆಣ್ಣೆ, ಬುಟ್ಟಿಯಲ್ಲಿ ಮಾಗಿದ ಹಣ್ಣು, ಎಲ್ಲ ಇರಲೇಬೇಕು. ಹಣ್ಣು ಕಣ್ಣಿಗೆ ಕಾಣುತ್ತಿತ್ತು. ವಾಸನೆ ಬಾರದಿದ್ದರೆ ಹೋಗಲಿ, ನೆನಪಾದರೂ ಮಾಡಿಕೊಳ್ಳೋಣ ಎಂದು ಕಣ್ಣು ಮುಚ್ಚಿದ. ಅಮ್ಮ ಸೀರೆಯಿಡುತ್ತಿದ್ದ ಪೆಟ್ಟಿಗೆಯ ವಾಸನೆ. ಪೆಟ್ಟಿಗೆಯ ಹಸಿರು ಬಣ್ಣ ನೆನಪಾಯಿತು, ಮುಚ್ಚಳದ ಕೀರಲು ಸದ್ದೂ ನೆನಪಾಯಿತು, ಒಳಗೆ ತಲೆ ಹಾಕಿದರೆ ಏನೂ ಇಲ್ಲ. ಹೆಂಡತಿಯ ಕತ್ತಿನ ವಾಸನೆ. ಅಲ್ಲಿಯೂ ಏನೂ ಇಲ್ಲ. ಅಂದರೆ ಇನ್ನು ಮುಂದಿನದು ಮಾತ್ರವಲ್ಲ, ಹಿಂದಿನದೂ ಒಂದೊಂದಾಗಿ ಹೋಗುತ್ತಿದೆ. ಅವನು ನಿಜವಾಗಿಯೂ ಹೆದರಿದ. ಅವನ ನಿಲ್ದಾಣ ಬಂದದ್ದು ಗೊತ್ತಾಗದೆ, ಮುಂದಿನದರಲ್ಲಿ ಇಳಿದು, ಪೆಟ್ಟಿಗೆ ಎದೆಗವಚಿಕೊಂಡು ಹಿಂದಕ್ಕೆ ನಡೆದ.

ಹೆಂಡತಿ ಇನ್ನೂ ಬಂದಿರಲಿಲ್ಲ. ಸಂಜೆಯ ಕೊನೆಯ ಮಗುವನ್ನು ಮನೆ ಮುಟ್ಟಿಸಿ ಬಸ್ಸನ್ನು ಶೆಡ್ಡಿಗೆ ಬಿಟ್ಟು ಬರಬೇಕು. ಅವನು ಅಡುಗೆಮನೆಯ ಕಟ್ಟೆಯ ಮೇಲೆ ಯಂತ್ರಕ್ಕೆ ಜಾಗ ಮಾಡಿದ. ಜಾಗವೆಂದರೆ ಕಾಫಿ ಪಾತ್ರೆ, ಸೋಸುವ ಜರಡಿ, ಪುಡಿಯ ಡಬ್ಬಿ ಇರುತ್ತಿದ್ದ ಮೂಲೆ. ಪ್ಲಗ್ಗು ಇದ್ದದ್ದು ಅಲ್ಲೇ. ಅವುಗಳನ್ನು ಎತ್ತಿ ನೀರಿನ ತೊಟ್ಟಿಯ ಪಕ್ಕಕ್ಕೆ ಇಟ್ಟ. ಯಂತ್ರ ಕೆಂಪಗೆ ಹೊಳೆಯಿತು. ಅವಳಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ: ನಿನಗೂ ಬೆಳಗಿನ ಗಡಿಬಿಡಿ ತಪ್ಪುತ್ತದೆ, ನೀನು ನಿನ್ನದು ಮಾಡಿಕೋ, ನಾನು ನನ್ನದು ಮಾಡಿಕೊಳ್ಳುತ್ತೇನೆ, ಯಾರಿಗೂ ಯಾರೂ ಕಾಯುವುದು ಬೇಡ. ಎಷ್ಟು ಸಲ ಹೇಳಿಕೊಂಡರೂ ಅದರಲ್ಲಿ ತಪ್ಪು ಕಾಣಲಿಲ್ಲ.

ಅವಳು ಬಂದು, ಚಪ್ಪಲಿ ಬಿಟ್ಟು, ಬಸ್ಸಿನ ಬೀಗದಕೈ ಮೊಳೆಗೆ ಸಿಕ್ಕಿಸಿ, ಕೈ ತೊಳೆಯಲೆಂದು ಅಡುಗೆಮನೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಅವನು ಕಟ್ಟಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಯಂತ್ರವನ್ನು ನೋಡಿದಳು, ತೊಟ್ಟಿಯ ಪಕ್ಕಕ್ಕೆ ಹೋದ ತನ್ನ ಪಾತ್ರೆಯನ್ನು ನೋಡಿದಳು.

"ಒಂದೇ ಕಪ್ಪಾ?"

"ಒಂದು ಸಲಕ್ಕೆ ಒಂದು."

"ಸರಿ," ಎಂದಳು. ಕೈ ತೊಳೆದಳು. ಸೆರಗಿಗೆ ಒರೆಸಿಕೊಳ್ಳುತ್ತ, ಅವನ ಕಡೆ ನೋಡದೆ, "ನನ್ನ ಕೈ ಕಾಫಿ ಆಗೋದಿಲ್ಲ ಅಂತ ಇದ್ರೆ ಬಾಯಿ ಬಿಟ್ಟು ಹೇಳಿದ್ರೆ ಆಗ್ತಿತ್ತು. ಇಷ್ಟು ವರ್ಷ ಕಾಯಬೇಕಿತ್ತಾ?" ಎಂದಳು. ಆಮೇಲೆ ಸ್ಟೂಲು ಎಳೆದು ಹತ್ತಿ, ಪಾತ್ರೆ, ಜರಡಿ, ಡಬ್ಬಿ ಒಂದೊಂದನ್ನೇ ಎತ್ತಿ, ಉಪಯೋಗಕ್ಕೆ ಬಾರದ್ದನ್ನು ಇಡುವ ಮೇಲಿನ ಅಟ್ಟಕ್ಕೆ ತಳ್ಳತೊಡಗಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತಾನು ಅಂಗಡಿಯಲ್ಲಿ ಆರಿಸಿ ತಂದದ್ದು ಏನು ಎಂಬುದು ಅವನಿಗೆ ಆಗ ಕಂಡಿತು: ಇಷ್ಟು ವರ್ಷ ಬರೆದ ಪರೀಕ್ಷೆಯಲ್ಲಿ ಇವಳನ್ನು ಕೊನೆಗೂ ಫೇಲು ಮಾಡಿ ಫಲಿತಾಂಶವನ್ನು ಕಟ್ಟೆಯ ಮೇಲಿಟ್ಟಿದ್ದ.

"ಅದಲ್ಲ ಕಣೇ. ಇಳಿ ಕೆಳಗೆ," ಎಂದ. "ನನಗೆ ವಾಸನೆ ಗೊತ್ತಾಗ್ತಿಲ್ಲ."

"ಏನು?"

"ಮೂಗು ಹೋಗಿದೆ. ಆ ಜ್ವರ ಬಂದಾಗಿಂದ. ಏನೂ ಗೊತ್ತಾಗ್ತಿಲ್ಲ. ಹಾಲು ಸೀದಿದ್ದು ಗೊತ್ತಾಗ್ಲಿಲ್ಲ. ಆಫೀಸಲ್ಲಿ ಬಾಯಿಗೆ ಬಂದಿದ್ದು ಹೇಳ್ತಿದೀನಿ. ನಿನಗೂ ಅಷ್ಟೇ."

ಅವಳು ಇಳಿದು ಬಂದಳು. ನಂಬಲಿಲ್ಲ; ತನ್ನ ಮುಖ ನೋಡಿ ಹೊಸದಾಗಿ ಕಟ್ಟಿದ ಮಾತು ಎಂದುಕೊಂಡಳೆಂದು ಅವನಿಗೆ ಗೊತ್ತಾಯಿತು. "ಕಣ್ಣು ಮುಚ್ಚಿ," ಎಂದಳು, ಬಸ್ಸಿನ ಮಕ್ಕಳಿಗೆ ಹೇಳುವ ದನಿಯಲ್ಲಿ. ಅವನು ಮುಚ್ಚಿದ. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಏನಿದು? ಗೊತ್ತಿಲ್ಲ. ಬಾಟಲಿಯ ಬಿರಡೆ ತಿರುಗಿದ ಸದ್ದು. ಇದು? ಗೊತ್ತಿಲ್ಲ. ಬೆಂಕಿಕಡ್ಡಿ ಗೀರಿ ಆರಿಸಿದ್ದು ಕಿವಿಗೆ ಕೇಳಿತು, ಅದನ್ನು ಹೇಳಿದರೆ ಮೋಸವಾಗುತ್ತದೆಂದು ಸುಮ್ಮನಿದ್ದ. ಆಮೇಲೆ ಯಾವ ಸದ್ದೂ ಇಲ್ಲ, ಮುಖದ ಹತ್ತಿರ ಬಿಸಿ ಮಾತ್ರ. "ಇದು?" "ಏನೂ ಇಲ್ಲ," ಎಂದು ಅವನು ಕಣ್ಣು ಬಿಟ್ಟರೆ ಅವಳ ತಲೆ ಅವನ ಮೂಗಿಗೆ ತಾಗುವಷ್ಟು ಹತ್ತಿರ ಬಗ್ಗಿತ್ತು.

"ಅಯ್ಯೋ, ನಿಮ್ಮ..." ಎಂದಳು. ಅವನ ಎರಡೂ ಕೈ ಹಿಡಿದುಕೊಂಡು ಕುರ್ಚಿಯ ಮೇಲೆ ಕೂರಿಸಿದಳು. "ಒಬ್ಬರೇ ನುಂಗ್ಕೊಂಡು ಕೂತಿದ್ರಾ ಇಷ್ಟು ದಿನ? ಮನೇಲಿ ನಾನೊಬ್ಬಳು ಇದೀನಿ ಅಂತ ನೆನಪಾಗ್ಲಿಲ್ವಾ? ನಾಳೆನೇ ಡಾಕ್ಟರ ಹತ್ರ ಹೋಗೋಣ. ಕೆಲಸ ಹೋದ್ರೆ ಹೋಗ್ಲಿ ಬಿಡಿ, ಬಸ್ಸಲ್ಲಿ ನನ್ನ ಪಕ್ಕ ಕೂತ್ಕೊಂಡು ಮಕ್ಕಳನ್ನ ಹತ್ತಿಸಿ ಇಳಿಸಿ." ಹೇಳುತ್ತ ಹೇಳುತ್ತ ನಗತೊಡಗಿದಳು, ಕಣ್ಣಲ್ಲಿ ನೀರು ಇಟ್ಟುಕೊಂಡೇ. "ನಾನೊಬ್ಬಳು ಮಂಕು. ಇಲ್ಲದ ಮೂಗಿಗೆ ಹೆದರ್ಕೊಂಡು ದಿನಾ ಹಾಲು ಅಳೀತಿದ್ದೆ." ಅವನೂ ನಕ್ಕ. ಇಷ್ಟಕ್ಕೆ ಇಷ್ಟೆಲ್ಲ ಹೆದರಿದೆನೇ ಎಂದುಕೊಂಡ. ಹೇಳಿದರೆ ಮುಗಿದುಹೋಗುವ ಮಾತಾಗಿತ್ತು.

ಅವಳ ನಗು ಮೆಲ್ಲಗೆ ನಿಂತಿತು. "ಜ್ವರ ಬಂದಾಗಿಂದ ಅಂದ್ರಾ?"

"ಹೂಂ."

"ಹಾಗಾದ್ರೆ ಅವತ್ತು? ರಸ್ತೇಲೆಲ್ಲಾ ನೀರು ನಿಂತು ಶಾಲೆಗೆ ರಜ ಕೊಟ್ಟಿದ್ರಲ್ಲ, ಅವತ್ತು. ನೀವು ಕುಡಿದು, ಚೆನ್ನಾಗಿದೆ ಅಂದ್ರಿ. ಏನಂದ್ರಿ ಅಂತ ಮತ್ತೆ ಕೇಳ್ದೆ. ಚೆನ್ನಾಗಿದೆ ಅಂತಾನೇ ಅಂದ್ರಿ. ಅದು ಜ್ವರ ಬಿಟ್ಟ ಮೇಲೆ ಅಲ್ವಾ?"

ಅವನಿಗೆ ನೆನಪಿರಲಿಲ್ಲ. ತಪ್ಪು ಹುಡುಕಿ ಹುಡುಕಿ ಸಾಕಾಗಿ ಒಂದು ದಿನ ಹಾಗೆ ಅಂದಿರಬಹುದು. ಅವಳು ಅವನ ಕೈ ಬಿಟ್ಟಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಸಿಕ್ಕ ಹೊಗಳಿಕೆ, ಅದನ್ನೂ ತಾನೀಗ ಕಿತ್ತುಕೊಳ್ಳುತ್ತಿದ್ದೇನೆ ಎಂದು ಅವನಿಗೆ ದಿಗಿಲಾಯಿತು. ಆಫೀಸಿನ ದಿಗಿಲು, ಅಂಗಡಿಯ ದಿಗಿಲು ಇದರ ಮುಂದೆ ಏನೂ ಅಲ್ಲ. ಇದೊಂದನ್ನು ಉಳಿಸಿಕೊಡಬೇಕು.

"ಅವತ್ತು ಬಂದಿತ್ತು ಕಣೇ," ಎಂದ. "ಅವತ್ತೊಂದು ದಿನ, ಒಂದು ಗಳಿಗೆ, ಹೇಗೋ ಬಂದುಬಿಟ್ಟಿತ್ತು. ಅದಕ್ಕೇ ಅಂದಿದ್ದು." ಅವಳ ಕಣ್ಣು ಅವನ ಮುಖದ ಮೇಲೆಯೇ ಇತ್ತು. ಸಾಲದು ಎನಿಸಿತು. "ಆಗ ತಾನೇ ಒಡೆದ ಪೊಟ್ಟಣದ ಪುಡಿ. ಹುರಿದು ಬಹಳ ದಿನ ಆಗಿರ್ಲಿಲ್ಲ. ಮೊದಲು ಸುಟ್ಟ ಸಕ್ಕರೆ ವಾಸನೆ, ಆಮೇಲೆ ಕಿತ್ತಳೆ ಸಿಪ್ಪೆದು, ಕೊನೇಲಿ ಹೊಸದಾಗಿ ಕೊಯ್ದ ಹಲಗೆದು. ನೀರು ಕುದಿ ಬಂದ ಮೇಲೆ ಇಳಿಸಿ, ಸ್ವಲ್ಪ ತಡೆದು ಹಾಕಿದ್ದೆ ನೀನು. ತಪ್ಪು ಹುಡುಕೋಕೆ ಜಾಗಾನೇ ಇರ್ಲಿಲ್ಲ." ಮಾತು ತಾನಾಗಿ ಬಂತು, ಒಂದರ ಹಿಂದೊಂದು, ಸಭೆಯಲ್ಲಿ ಬರುತ್ತಿದ್ದ ಹಾಗೆ. ಹೇಳುತ್ತ ಅವನಿಗೇ ಒಂದು ನಿಮಿಷ ಆ ಕಪ್ಪಿನ ಹಬೆ ಮೂಗಿಗೆ ತಾಗಿದಂತಾಯಿತು.

ಅವಳು ಕೈ ಬಿಟ್ಟಳು.

"ಅವತ್ತು ಪುಡಿ ಇರ್ಲಿಲ್ಲ ರೀ," ಎಂದಳು. "ಅಂಗಡಿಗೆ ಹೋಗೋ ಹಾಗೂ ಇರ್ಲಿಲ್ಲ. ಹಿಂದಿನ ದಿನ ಉಳಿದಿದ್ದನ್ನ ಬಿಸಿ ಮಾಡಿ ಕೊಟ್ಟಿದ್ದೆ. ಇವತ್ತು ಮುಗೀತು ನನ್ನ ಕಥೆ ಅಂತ ನಿಂತಿದ್ದೆ. ನೀವು ಚೆನ್ನಾಗಿದೆ ಅಂದ್ರಿ." ಸ್ಟೂಲಿನ ಮೇಲೆ ಕೂತಳು. "ನಿಮಗೆ ಗೊತ್ತಾಗದೆ ಇರುತ್ತಾ? ಗೊತ್ತಾಗಿಯೂ, ನನ್ನ ಮುಖ ನೋಡಿ, ಹೋಗ್ಲಿ ಪಾಪ ಅಂತ ಬಿಟ್ರಿ ಅಂದ್ಕೊಂಡೆ. ಇಷ್ಟು ದಿನ ಹಾಗೇ ಅಂದ್ಕೊಂಡಿದ್ದೆ."

ಅವಳು ಎದ್ದು ಯಂತ್ರದ ಹತ್ತಿರ ಹೋದಳು. ಪೆಟ್ಟಿಗೆಯ ಜೊತೆ ಬಂದಿದ್ದ ಕ್ಯಾಪ್ಸೂಲುಗಳಲ್ಲಿ ಒಂದನ್ನು ತೆಗೆದು, ಅತ್ತಿತ್ತ ತಿರುಗಿಸಿ ನೋಡಿ, ಯಾರ ಸಹಾಯವೂ ಇಲ್ಲದೆ ಸರಿಯಾದ ಜಾಗಕ್ಕೆ ಹಾಕಿ, ಮುಚ್ಚಿ, ಬಟನ್ ಒತ್ತಿದಳು. ಯಂತ್ರ ನಡುಗಿ ತನ್ನ ಕೆಲಸ ಮಾಡಿತು, ತಾನೇ ಆರಿತು. ಅವಳು ಕಪ್ಪನ್ನು ತಂದು ಅವನ ಮುಂದಿಟ್ಟು, ಸ್ಟೂಲು ಹತ್ತಿ ಮೇಲಿನ ಅಟ್ಟಕ್ಕೆ ಅರ್ಧ ತಳ್ಳಿದ್ದ ಡಬ್ಬಿಯನ್ನು ಪೂರ್ತಿ ಒಳಗೆ ದೂಡಿ, ಸ್ಟೂಲನ್ನು ಅದರ ಜಾಗಕ್ಕೆ ಸರಿಸಿದಳು. ಅವನು ಒಂದು ಗುಟುಕು ಕುಡಿದು, ಕಪ್ಪು ಕೈಯಲ್ಲೇ ಹಿಡಿದುಕೊಂಡು, ಅವಳು ತಿರುಗಿ ನಿಲ್ಲುವುದನ್ನು ಕಾದ. ಅವಳು ಬೆಳಗಿನ ಪಾತ್ರೆಗಳನ್ನು ತೊಳೆಯಲು ನಲ್ಲಿ ತಿರುಗಿಸಿದಳು. ಹೇಗಿದೆ ಎಂದು ಕೇಳಲಿಲ್ಲ.